ಕರೆಂಟ್ ಹೋದಾಗ ಸ್ಕ್ರೀನ್ ರೀಡರ್ ತಡವರಿಸುತ್ತಿದೆಯೇ? ಪವರ್ ಸೆಟ್ಟಿಂಗ್ ನೋಡಿ

ಅಂಧರು ಕಂಪ್ಯೂಟರ್ ಬಳಸಲು ನೆರವಾಗುವ ಎನ್‌ವಿಡಿಎ ಉಚಿತ ಸ್ಕ್ರೀನ್ ರೀಡರ್. ಪರದೆ ಮೇಲಿನ ಕನ್ನಡವನ್ನೂ ಓದಿ ಹೇಳುತ್ತದೆ. ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದಾಗ ಚಾರ್ಜ್ ಉಳಿಸಲು ವಿಂಡೋಸ್ ಪ್ರೊಸೆಸರ್ ವೇಗ ತಗ್ಗಿಸಬಹುದು. ಆಗ ಕೀ ಒತ್ತಿದರೂ ದನಿ ತಡವಾಗಿ ಬರುತ್ತೆ. ಕಣ್ಣಿದ್ದವರಿಗೆ ಇದು ಗೊತ್ತೇ ಆಗಲ್ಲ. ಕೇಳಿಸಿಕೊಂಡೇ ಬಿಲ್ ಹಾಕುವವರಿಗೆ ಒಂದು ಅಂಕಿ ತಪ್ಪಿದರೂ ದುಡ್ಡು ಹೋಯ್ತು.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ‘ಪವರ್ ಅಂಡ್ ಬ್ಯಾಟರಿ’ಗೆ ಹೋಗಿ ಪವರ್ ಮೋಡ್‌ನಲ್ಲಿ ‘ಬೆಸ್ಟ್ ಪರ್ಫಾರ್ಮೆನ್ಸ್’ ಆರಿಸಿ. ಎನರ್ಜಿ ಸೇವರ್ (ಹಳೆಯ ಆವೃತ್ತಿಗಳಲ್ಲಿ ಬ್ಯಾಟರಿ ಸೇವರ್) ಆನ್ ಇದ್ದರೆ ಮೊದಲು ಆಫ್ ಮಾಡಿ. ಚಾರ್ಜ್ ಬೇಗ ಇಳಿಯುತ್ತೆ, ಅದು ನಿಜ.

ಮಾತಿನ ಮೊದಲ ಅಕ್ಷರವೇ ಕೇಳಿಸದಿದ್ದರೆ, ಸುಮ್ಮನಿದ್ದ ಸೌಂಡ್ ಕಾರ್ಡ್ ಅಥವಾ ಬ್ಲೂಟೂತ್ ಹೆಡ್‌ಫೋನ್ ವಿದ್ಯುತ್ ಉಳಿಸಲು ನಿದ್ದೆಗೆ ಜಾರಿರಬಹುದು. ಮಾತು ಮುಗಿದ ಮೇಲೂ ಅದನ್ನು ಎಚ್ಚರವಾಗಿಡುವ ಆಯ್ಕೆ ಎನ್‌ವಿಡಿಎ ಹೊಸ ಆವೃತ್ತಿಯ ಆಡಿಯೋ ಸೆಟ್ಟಿಂಗ್‌ನಲ್ಲೇ ಇದೆ.