ಪಕ್ ಬರುವ ಮುನ್ನದ ಆಟ

ಜೂನ್ ಬಂತೆಂದರೆ, ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಕ್ಲಬ್‌ಗಳು ಎಳೆಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನ ಗದ್ದಲ. ಹದಿನೆಂಟರ ಹುಡುಗನ ಗೋಲುಗಳ ಎರಡು ನಿಮಿಷದ ತುಣುಕು, ಜೊತೆಗೊಂದು ಅಂಕಪಟ್ಟಿ ಸಿಕ್ಕರೆ ಸಾಕು, ಜಾತಕ ಬರೆಯುವವರಿಗೆ ಬರವಿಲ್ಲ. ಅಂಕಿಅಂಶ ಬಂದ ಮೇಲೆ ರಿಂಕಿನಲ್ಲಿ ಕೂತು ನೋಡುವ ಸ್ಕೌಟ್‌ಗೆ ಏನು ಕೆಲಸ ಎಂಬ ಮಾತೂ ಈಗ ಜೋರಾಗಿದೆ. ಐಸ್ ಹಾಕಿಯ ಎಳೆಯ ಫಾರ್ವರ್ಡ್‌ಗಳನ್ನು ಅಳೆಯುವ ಈ ಕಸುಬು ಬೆಳೆದ ಬಗೆ ಗೊತ್ತಿದ್ದವರು ಹಾಗೆನ್ನಲಾರರು.

ಮೊದಮೊದಲು ಅಳತೆಯೇ ಇರಲಿಲ್ಲ. ಕ್ಲಬ್‌ಗಳು ಜೂನಿಯರ್ ತಂಡಗಳನ್ನು ಸಾಕಿಕೊಂಡು, ಮೀಸೆ ಚಿಗುರದ ಹುಡುಗರಿಂದಲೇ ರುಜು ಹಾಕಿಸಿಕೊಳ್ಳುತ್ತಿದ್ದವು. 1963ರಲ್ಲಿ ಮಾಂಟ್ರಿಯಲ್‌ನಲ್ಲಿ ಮೊದಲ ಡ್ರಾಫ್ಟ್ ನಡೆಯಿತು. 1975ರಲ್ಲಿ ಲೀಗ್‌ನದೇ ಸೆಂಟ್ರಲ್ ಸ್ಕೌಟಿಂಗ್ ವಿಭಾಗ ಬಂತು. ಆ ಕಾಲದ ಕಣ್ಣಿಗೆ ಬೀಳುತ್ತಿದ್ದುದು ಎತ್ತರ, ತೂಕ, ಸ್ಕೇಟಿಂಗ್ ವೇಗ. ಸ್ಕೇಟಿಂಗ್ ಸಾಲದೆಂದು ಹಿಂದೆ ಸರಿಸಲ್ಪಟ್ಟ ಲೂಕ್ ರೋಬಿಟೈಲ್ 1984ರಲ್ಲಿ 171ನೆಯವನಾಗಿ ಆಯ್ಕೆಯಾದ. ಮುಂದೆ ಅವನು ಹೊಡೆದ ಗೋಲು 668. ಅದೇ ವರ್ಷ 117ನೆಯವನಾಗಿ ಹೋದ ಬ್ರೆಟ್ ಹಲ್ 741 ಹೊಡೆದ.

ಆಮೇಲೆ ಬಂದ ದೇಹಪರೀಕ್ಷೆಯ ಗೀಳಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಂಬೈನ್ ಎಂಬ ಆ ಪರೀಕ್ಷೆಯಲ್ಲಿ 2014ರಲ್ಲಿ ಸ್ಯಾಮ್ ಬೆನೆಟ್‌ಗೆ ಕಂಬಿ ಹಿಡಿದು ಒಂದು ಸಲವೂ ಮೈ ಮೇಲೆತ್ತಲಾಗಲಿಲ್ಲ, ಅದೇ ದೊಡ್ಡ ಸುದ್ದಿ. 2025ರ ಪ್ಲೇಆಫ್‌ನ ಶ್ರೇಷ್ಠ ಆಟಗಾರನ ಕಾನ್ ಸ್ಮೈತ್ ಪ್ರಶಸ್ತಿ ಪಡೆದವನು ಅವನೇ. (ಐಸ್ ಮೇಲೆ ಕಂಬಿ ಎಲ್ಲಿರುತ್ತದೋ!)

ಲೆಕ್ಕದವರು ಬಂದದ್ದು ದೊಡ್ಡ ಉಪಕಾರ, ಅದನ್ನು ಒಪ್ಪಲೇಬೇಕು. ಸ್ವೀಡನ್ನಿನ ಹಿರಿಯರ ಲೀಗ್‌ನಲ್ಲಿ ಗೋಲಿಗೋ ಗೋಲಿನ ನೆರವಿಗೋ ಗಳಿಸಿದ ಒಂದು ಅಂಕವೂ ಒಂಟಾರಿಯೊ ಜೂನಿಯರ್‌ನ ಒಂದು ಅಂಕವೂ ಒಂದೇ ತೂಕದ್ದಲ್ಲ. ಗೇಬ್ರಿಯಲ್ ಡೆಸ್‌ಜಾರ್ಡಿನ್ಸ್ ಲೀಗ್‌ನಿಂದ ಲೀಗ್‌ಗೆ ಅಂಕಗಳನ್ನು ಪರಿವರ್ತಿಸುವ ಲೆಕ್ಕ ಕಟ್ಟಿದ ಮೇಲೆ ಹೋಲಿಕೆಗೆ ನೆಲೆ ಸಿಕ್ಕಿತು. ಗಿಡ್ಡ ಹುಡುಗರಿಗೂ ನ್ಯಾಯ ಸಿಗತೊಡಗಿತು. ಆದರೂ 2014ರಲ್ಲಿ ಬ್ರೇಡನ್ ಪಾಯಿಂಟ್ 79ನೆಯವರೆಗೆ ಕಾಯಬೇಕಾಯಿತು. 2022-23ರ ಒಂದೇ ಋತುವಿನಲ್ಲಿ ಅವನು 51 ಗೋಲು ಹೊಡೆದ.

ನಮ್ಮ ತಲೆಮಾರನ್ನು ನಿಜಕ್ಕೂ ಬದಲಿಸಿದ್ದು ಎರಿಕ್ ಟಲ್ಸ್ಕಿ. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ ಈತ, ಜೊತೆಗಾರರೊಂದಿಗೆ ಪಂದ್ಯಗಳನ್ನು ನೋಡಿ ನೋಡಿ, ಎದುರಾಳಿಯ ವಲಯದ ನೀಲಿ ಗೆರೆ ದಾಟಿದ ಪ್ರತಿ ಸಲವನ್ನೂ ಕೈಯಾರೆ ಗುರುತುಹಾಕಿದ. ಆಟದ ರಬ್ಬರ್ ಬಿಲ್ಲೆ ಪಕ್ ಅನ್ನು ಒಳಕ್ಕೆ ಎಸೆದು ಬೆನ್ನಟ್ಟುವುದಕ್ಕಿಂತ ಕೋಲಿನಲ್ಲೇ ಹಿಡಿದು ನುಗ್ಗಿದರೆ ಎರಡು ಪಟ್ಟಿಗಿಂತ ಹೆಚ್ಚು ಹೊಡೆತಗಳು ದಕ್ಕುತ್ತವೆ ಎಂದು 2013ರಲ್ಲಿ ತೋರಿಸಿದ. 2024ರಲ್ಲಿ ಅವನು ಕ್ಯಾರೊಲಿನಾ ತಂಡದ ಜನರಲ್ ಮ್ಯಾನೇಜರ್ ಆದ. ಅವನನ್ನು ಹೊಗಳುವವರು ಮರೆಯುವುದೇನೆಂದರೆ, ಆ ಅಂಕಿ ಹುಟ್ಟಿದ್ದೇ ಕಣ್ಣಿನಿಂದ. ಏನನ್ನು ಎಣಿಸಬೇಕು ಎಂದು ಆಟ ನೋಡಿದವನಿಗೆ ಮೊದಲು ಹೊಳೆಯಬೇಕಲ್ಲ.

ಹಾಗೆ ನೋಡಿದರೆ ಎಣಿಸದೆ ಉಳಿದದ್ದು ಬೇಕಾದಷ್ಟಿದೆ. ಪಕ್ ರಿಂಕಿನ ಅಂಚುಗೋಡೆಗುಂಟ ಜಾರಿ ವಿಂಗರ್ ಕಡೆಗೆ ಬರುತ್ತಿದೆ ಎನ್ನಿ. ಅದು ಮುಟ್ಟುವ ಮುನ್ನವೇ ಅವನು ಹೆಗಲ ಮೇಲಿಂದ ಹಿಂದಕ್ಕೆ ನೋಡಿದನೇ? ಒಮ್ಮೆಯೋ, ಎರಡು ಸಲವೋ? ನೋಡಿದವನು ಸೊಂಟ ತಿರುಗಿಸಿಕೊಂಡೇ ನಿಂತಿರುತ್ತಾನೆ. ಪಕ್ ತಾಗಿದ್ದೇ ರಿಂಕಿನ ನಡುವಿಗೆ ಹೊರಟಿರುತ್ತಾನೆ. ನೋಡದವನು ಹಿಡಿದ ಮೇಲೆ ತಲೆ ಎತ್ತುತ್ತಾನೆ, ಅಷ್ಟರಲ್ಲಿ ಡಿಫೆಂಡರ್ ಮೈಮೇಲೆ. ಜೂನಿಯರ್ ಮಟ್ಟದಲ್ಲಿ ಕೈಚಳಕ ಈ ಕೊರತೆಯನ್ನು ಮುಚ್ಚಿಬಿಡುತ್ತದೆ. ಎದುರಾಳಿ ಒಬ್ಬ ಕಡಿಮೆ ಇರುವ ಪವರ್ ಪ್ಲೇಯಲ್ಲಿ ಗಳಿಸಿದ ಅಂಕಗಳಂತೂ ಕೊರತೆ ಇದೆಯೆಂಬ ಗುಮಾನಿಯನ್ನೂ ಉಳಿಸುವುದಿಲ್ಲ.

ವಯಸ್ಸಿನ ಲೆಕ್ಕವೂ ಹೀಗೆಯೇ. ಸೆಪ್ಟೆಂಬರ್ 15ರೊಳಗೆ ಹದಿನೆಂಟು ತುಂಬಿದರೆ ಆ ವರ್ಷದ ಡ್ರಾಫ್ಟಿಗೆ. ಒಂದೇ ದಿನ ತಡವಾಗಿ ಹುಟ್ಟಿದವನಿಗೆ ಇನ್ನೊಂದು ಇಡೀ ಋತುವಿನ ಬಲಿಕೆ ಸಿಗುತ್ತದೆ. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹಾಕಿಯಲ್ಲಿ ಹೆಚ್ಚಾಗಿ ಮೇಲೆ ಬರುತ್ತಾರೆ ಎಂದು ಬಾರ್ನ್‌ಸ್ಲಿ ಮತ್ತು ಸಂಗಡಿಗರು 1985ರಲ್ಲೇ ಬರೆದಿದ್ದರು. ಅದನ್ನು ಓದಿದವರು ಬಹಳ, ಆಯ್ಕೆಯ ಮೇಜಿನ ಮೇಲೆ ನೆನಪಿಟ್ಟವರು ಕಡಿಮೆ.

ಎನ್‌ಎಚ್‌ಎಲ್ ರಿಂಕ್‌ಗಳಲ್ಲಿ 2021-22ರಿಂದ ಪ್ರತಿ ಆಟಗಾರನ ಚಲನೆಯೂ ದಾಖಲಾಗುತ್ತಿದೆ. ಹದಿನಾರರ ಹುಡುಗ ಆಡುವ ಸಣ್ಣ ಊರಿನ ರಿಂಕಿನಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಕ್ಯಾಮೆರಾ, ಅದೂ ಪಕ್ ಹೋದಲ್ಲೆಲ್ಲ ಓಡುವಂಥದ್ದು. ಹೆಗಲ ಮೇಲಿನ ಆ ನೋಟ ಚೌಕಟ್ಟಿನ ಹೊರಗೇ ಉಳಿಯುತ್ತದೆ. ಹೀಗೆ ಕಣ್ತಪ್ಪಿ ಉಳಿದವರೂ ಇದ್ದಾರೇನೋ. ಕೆನಡಾದ ಸರ್ರಿ ಊರಿನ ಪಂಜಾಬಿ ಮನೆತನದ ಅರ್ಷದೀಪ್ ಬೇನ್ಸ್‌ನನ್ನು ಡ್ರಾಫ್ಟಿನಲ್ಲಿ ಯಾವ ಕ್ಲಬ್ಬೂ ಕರೆಯಲಿಲ್ಲ. 2021-22ರಲ್ಲಿ 112 ಅಂಕಗಳೊಡನೆ ವೆಸ್ಟರ್ನ್ ಹಾಕಿ ಲೀಗ್‌ಗೇ ಮೊದಲಿಗನಾದ ಆ ಋತುವಿನಲ್ಲೇ ವ್ಯಾಂಕೂವರ್ ಕ್ಲಬ್ ಸಹಿ ಹಾಕಿಸಿಕೊಂಡಿತು. ಅವನ ಹಿಂದಿನ ವರ್ಷಗಳ ಸ್ಕೌಟಿಂಗ್ ವರದಿಗಳು ಯಾವ ಯಾವ ಕ್ಲಬ್‌ಗಳ ಬೀರುವಿನಲ್ಲಿವೆಯೋ. ಅವನ್ನು ಹೊರತೆಗೆದು ಏನು ಕಂಡಿತ್ತು, ಏನು ಕಂಡಿರಲಿಲ್ಲ ಎಂದು ತಾಳೆ ನೋಡುವ ಅಧ್ಯಯನವನ್ನು ಕ್ಲಬ್‌ಗಳೇ ಮಾಡಿ ಪ್ರಕಟಿಸಬೇಕು.