ಪ್ರವೇಶಮಟ್ಟದ ಐಷಾರಾಮಿ ಎಸ್‌ಯುವಿ

ಐಷಾರಾಮಿ ಕಾರು ಕಂಪನಿಗಳ ಎಸ್‌ಯುವಿ ಸಾಲಿನಲ್ಲಿ ಕಡಿಮೆ ಬೆಲೆಯ ವರ್ಗ. ಭಾರತದಲ್ಲಿ ಬಿಎಂಡಬ್ಲ್ಯು ಎಕ್ಸ್1, ಮರ್ಸಿಡಿಸ್-ಬೆಂಜ್ ಜಿಎಲ್‌ಎ, ಆಡಿ ಕ್ಯೂ3 ಇದರ ಮುಖ್ಯ ಮಾದರಿಗಳು. ಈ ವರ್ಗದ ಬಲ ಮತ್ತು ದೌರ್ಬಲ್ಯ ಎರಡೂ ಒಂದೇ ಮೂಲದಿಂದ ಬರುತ್ತವೆ: ಸಾಮಾನ್ಯ ಕಾರುಗಳೊಡನೆ ಹಂಚಿಕೊಂಡ ಯಂತ್ರಭಾಗ. 2009ರ ಮೊದಲ ಎಕ್ಸ್1 ಹಿಂಚಕ್ರ ಚಾಲನೆಯ ತಳಹದಿಯದು. ಓಡಿಸಲು ಸೊಗಸು, ಒಳಗೆ ಮಾತ್ರ ಇಕ್ಕಟ್ಟು. 2015ರಲ್ಲಿ ಅದು ಮಿನಿ ಕಾರುಗಳ ಮುಂಚಕ್ರ ಚಾಲನೆಯ ತಳಹದಿಗೆ ಬಂತು. ಎಂಜಿನ್ ಅಡ್ಡಲಾಗಿ ಕೂತಿದ್ದರಿಂದ ಹಿಂದೆ ಕಾಲು ಚಾಚಲು ಜಾಗ ಸಿಕ್ಕಿತು, ಡಿಕ್ಕಿ 420 ಲೀಟರಿನಿಂದ 505ಕ್ಕೆ ಏರಿತು. ಶುದ್ಧವಾದಿಗಳು ಇದನ್ನು ಇಳಿಕೆಯೆಂದರು; ಕುಟುಂಬಕ್ಕೆ ಅದು ನಿಜವಾದ ಲಾಭ.

ಹಾಗಿದ್ದರೆ ಹೆಚ್ಚಿನ ಹಣ ಬರೀ ಲಾಂಛನಕ್ಕೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಜಿಎಲ್‌ಎ 200ರ 1.3 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ರೆನೋ ಜೊತೆಗೂಡಿ ರೂಪಿಸಿದ್ದು. ಅದೇ ಕುಟುಂಬದ ಎಂಜಿನ್ 2020ರಲ್ಲಿ ಭಾರತದ ರೆನೋ ಡಸ್ಟರ್‌ಗೂ ಬಂತು. 190 ಅಶ್ವಶಕ್ತಿಯ, ನಾಲ್ಕೂ ಚಕ್ರ ಚಾಲನೆಯ ಕ್ಯೂ3ಯಷ್ಟೇ ಬಲ ಏಳು ಆಸನದ ಸ್ಕೋಡಾ ಕೊಡಿಯಾಕ್‌ನಲ್ಲೂ ಸಿಕ್ಕಿತು. ಕ್ಯೂ3ಯ ಹಿಂದಿನ ಸೀಟಿನ ನಡುವೆ ಕೂತವರು ನೆಲದ ಎತ್ತರದ ಉಬ್ಬಿನ ಆಚೆಗೊಂದು ಈಚೆಗೊಂದು ಕಾಲಿಡಬೇಕು. ಮೂವರ ದೂರಪ್ರಯಾಣಕ್ಕೆ ಅದು ಹೇಳಿದ್ದಲ್ಲ. ಆದರೂ ಎಂಜಿನ್ ಒಂದೇ ಎಂದರೆ ಕಾರೂ ಒಂದೇ ಅಲ್ಲ. ಸದ್ದು ತಡೆಯುವ ಹೊದಿಕೆ, ಸೀಟಿನ ಆಕಾರ, ವೇಗದಲ್ಲೂ ಅಲುಗದ ಸ್ಥಿರತೆ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿಸುವವರ ದಣಿವನ್ನು ತಗ್ಗಿಸುತ್ತವೆ. ಊರೊಳಗಷ್ಟೇ ಓಡಾಡುವವರಿಗೆ ಈ ಗುಣಗಳ ಬಹುಪಾಲು ದಕ್ಕುವುದೇ ಇಲ್ಲ, ಸರ್ವಿಸ್ ಖರ್ಚು ಮಾತ್ರ ಪೂರ್ತಿ ಬೀಳುತ್ತದೆ.