ಧೂಳು ತಿಂದವರ ಹಾಡು: 1940ರ ಒಂದು ಆಲ್ಬಂನ ಕಥೆ

(1/8)
ಹಿಸ್ಟರಿ ಪುಸ್ತಕದಲ್ಲಿ ‘ಮಹಾ ಆರ್ಥಿಕ ಕುಸಿತ’ ಅಂತ ಒಂದು ಪ್ಯಾರಾ ಇರುತ್ತಲ್ಲ? 1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆ ಬಿತ್ತು, 1933ರ ಹೊತ್ತಿಗೆ ಅಮೆರಿಕದಲ್ಲಿ ದುಡಿಯೋ ನಾಲ್ವರಲ್ಲಿ ಒಬ್ಬರಿಗೆ ಕೆಲಸವೇ ಇರಲಿಲ್ಲ. ಪರೀಕ್ಷೆಗೆ ಅಷ್ಟು ಸಾಕು. ಆದ್ರೆ ಆ ‘ಒಬ್ಬರು’ ಯಾರು? ಮನೆ ಬಿಟ್ಟು ಎಲ್ಲಿಗೆ ಹೋದ್ರು? ಅಲ್ಲಿ ಅವರನ್ನ ಯಾರು ಒಳಗೆ ಬಿಟ್ಕೊಂಡ್ರು?
ಇದನ್ನ ಹೇಳೋ ಒಂದು ಆಲ್ಬಂ ಇದೆ. ವುಡಿ ಗಥ್ರಿ ಅನ್ನೋ ಹಾಡುಗಾರನ ‘ಡಸ್ಟ್ ಬೌಲ್ ಬ್ಯಾಲಡ್ಸ್’. ಬಿಡುಗಡೆ ಆಗಿದ್ದು 1940ರ ಜುಲೈನಲ್ಲಿ. ಈ ಸಲದ ಸರಣಿ ಅದರ ಬಗ್ಗೆ. ಉದ್ದ ಇದೆ, ನಿಧಾನಕ್ಕೆ ಓದಿ.

(2/8) ಧೂಳು ಎಲ್ಲಿಂದ ಬಂತು?
ಓಕ್ಲಹೋಮಾ, ಟೆಕ್ಸಾಸ್, ಕಾನ್ಸಾಸ್, ಕೊಲರಾಡೊ ಕಡೆಯ ಬಯಲು ಮೊದಲು ಹುಲ್ಲುಗಾವಲು. ಆ ಹುಲ್ಲಿನ ಬೇರು ಮಣ್ಣನ್ನ ಹಿಡಿದಿಟ್ಟಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಗೋಧಿಗೆ ಚಿನ್ನದ ಬೆಲೆ ಬಂತು. ಹುಲ್ಲೆಲ್ಲ ಕಿತ್ತು ಟ್ರ್ಯಾಕ್ಟರ್ ಹೊಡೆಸಿ ಗೋಧಿ ಬಿತ್ತಿದ್ರು. ಆಮೇಲೆ ಬೆಲೆ ಬಿತ್ತು. ಸಾಲ ತೀರಿಸಬೇಕಲ್ಲ, ಅದಕ್ಕೆ ಇನ್ನಷ್ಟು ಉತ್ತರು. 1931ರಿಂದ ಮಳೆ ಕೈಕೊಟ್ಟಿತು. ಹಿಡಿಯೋಕೆ ಬೇರಿಲ್ಲ, ನೆನೆಸೋಕೆ ನೀರಿಲ್ಲ. ಮಣ್ಣು ಗಾಳಿಗೆ ಎದ್ದು ಹೊರಟೇಬಿಡ್ತು.
ಅಂದ್ರೆ ಇದು ಬರೀ ಪ್ರಕೃತಿ ಮುನಿದ ಕಥೆ ಅಲ್ಲ. ಮಾರುಕಟ್ಟೆ, ಸಾಲ, ಬರ ಮೂರೂ ಸೇರಿ ಆದ ಅನಾಹುತ.

(3/8) ಆ ಭಾನುವಾರ
1935ರ ಏಪ್ರಿಲ್ 14. ಚರಿತ್ರೆಯಲ್ಲಿ ಇದಕ್ಕೆ ‘ಕಪ್ಪು ಭಾನುವಾರ’ ಅಂತಾನೇ ಹೆಸರು. ಧೂಳಿನ ಗೋಡೆಯೊಂದು ಬಯಲಿನ ಉದ್ದಕ್ಕೂ ಉರುಳಿಕೊಂಡು ಬಂತು, ಹಗಲೇ ಕತ್ತಲಾಯ್ತು. ಟೆಕ್ಸಾಸಿನ ಪ್ಯಾಂಪಾ ಊರಲ್ಲಿದ್ದ ಗಥ್ರಿಗೆ ಆಗ 22 ವರ್ಷ. ಪ್ರಳಯವೇ ಬಂತು ಅಂದುಕೊಂಡ ಜನ ಒಬ್ಬರಿಗೊಬ್ಬರು ‘ಹೋಗಿಬರ್ತೀವಿ’ ಅಂತ ಹೇಳಿಕೊಂಡಿದ್ದನ್ನೇ ಆತ ಹಾಡು ಮಾಡಿದ. ಅದೂ ಅಳುವ ಹಾಡಲ್ಲ, ನಗಿಸೋ ಹಾಡು!
ಇಲ್ಲೊಂದು ವಿಷಯ ಗಮನಿಸಿ. ಗಥ್ರಿ ರೈತ ಅಲ್ಲ. ಓಕ್ಲಹೋಮಾದ ಒಕೀಮಾದಲ್ಲಿ ಹುಟ್ಟಿದವನು, ಅಪ್ಪ ಜಮೀನು ವ್ಯವಹಾರ ಮಾಡಿ ಕೈಸುಟ್ಟುಕೊಂಡವರು. ಇವನು ಬೋರ್ಡ್ ಬರೆದು ಹೊಟ್ಟೆ ಹೊರೆದವನು. ಆದ್ರೆ ಅದೇ ಧೂಳು ಕುಡಿದವನು.

(4/8) ಗುಳೆ
1930ರ ದಶಕದಲ್ಲಿ ಸುಮಾರು 25 ಲಕ್ಷ ಜನ ಆ ಬಯಲು ರಾಜ್ಯಗಳನ್ನ ಬಿಟ್ಟರು. ಎಲ್ಲರನ್ನೂ ಧೂಳೇ ಓಡಿಸಲಿಲ್ಲ. ಬೆಳೆ ಕಡಿಮೆ ಮಾಡಿದ್ರೆ ದುಡ್ಡು ಕೊಡ್ತೀವಿ ಅಂತ ಸರ್ಕಾರ ಯೋಜನೆ ತಂದಾಗ, ಎಷ್ಟೋ ಭೂಮಾಲೀಕರು ಆ ದುಡ್ಡು ಇಟ್ಕೊಂಡು ಗೇಣಿದಾರರನ್ನ ಎಬ್ಬಿಸಿದ್ರು, ಅವರ ಜಾಗಕ್ಕೆ ಟ್ರ್ಯಾಕ್ಟರ್ ತಂದ್ರು.
ಹಾಸಿಗೆ, ಪಾತ್ರೆ, ಮಕ್ಕಳನ್ನೆಲ್ಲ ಹಳೇ ಕಾರಿನ ಮೇಲೆ ಹೇರಿಕೊಂಡು ತುಂಬಾ ಜನ ಹೊರಟಿದ್ದು ಕ್ಯಾಲಿಫೋರ್ನಿಯಾಕ್ಕೆ. ಹಣ್ಣಿನ ತೋಟ, ಹತ್ತಿ ಹೊಲದಲ್ಲಿ ಕೂಲಿ ಸಿಗುತ್ತೆ ಅನ್ನೋ ಆಸೆ. ಅಲ್ಲಿ ಸಿಕ್ಕ ಹೆಸರು ‘ಓಕಿ’. ಓಕ್ಲಹೋಮಾದಿಂದ ಬಂದವರು ಅನ್ನೋ ಅರ್ಥದ ಪದ, ಆದ್ರೆ ಅದು ಬೈಗುಳವೇ ಆಯ್ತು.

(5/8) ದುಡ್ಡಿದ್ರೆ ಮಾತ್ರ ಪ್ರವೇಶ
1936ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ಪೊಲೀಸ್ ಮುಖ್ಯಸ್ಥ ಜೇಮ್ಸ್ ಡೇವಿಸ್ ತನ್ನ 136 ಪೊಲೀಸರನ್ನ ರಾಜ್ಯದ ಗಡಿಗಳಿಗೆ ಕಳಿಸಿದ. ನಗರದ ಪೊಲೀಸರು, ರಾಜ್ಯದ ಗಡಿಯಲ್ಲಿ! ಜೇಬಲ್ಲಿ ಕಾಸಿಲ್ಲದವರನ್ನ ವಾಪಸ್ ಅಟ್ಟೋದೇ ಕೆಲಸ. ತಮ್ಮದೇ ದೇಶದೊಳಗೆ ಜನ ಪರದೇಸಿ ಆದ್ರು.
ಆಲ್ಬಂನ ‘ದೊ ರೆ ಮಿ’ ಹಾಡು ಇದರ ಬಗ್ಗೆಯೇ. ನಮ್ಮ ಸರಿಗಮ ಇದ್ದಂಗೆ ಅವರದು ದೊ-ರೆ-ಮಿ. ಆದ್ರೆ ಬೀದಿ ಮಾತಲ್ಲಿ ‘ದೊ’ ಅಂದ್ರೆ ಕಾಸು. ಸ್ವರ ಹೇಳ್ತಾನೇ ‘ಕಾಸಿಲ್ಲದೆ ಬರಬೇಡಿ’ ಅಂತ ಎಚ್ಚರಿಸೋ ಹಾಡು ಅದು.
ಆಲ್ಬಂ ಬಂದ ಮರುವರ್ಷ, 1941ರಲ್ಲಿ, ಎಡ್ವರ್ಡ್ಸ್ ಅನ್ನೋರ ಕೇಸು ಸುಪ್ರೀಂ ಕೋರ್ಟ್‌ನಲ್ಲಿ ತೀರ್ಮಾನ ಆಯ್ತು. ಅವರ ಅಪರಾಧ ಏನು ಗೊತ್ತಾ? ಕೈಯಲ್ಲಿ ಕಾಸಿಲ್ಲದ ಬಾಮೈದನನ್ನ ಟೆಕ್ಸಾಸಿನಿಂದ ಕ್ಯಾಲಿಫೋರ್ನಿಯಾಕ್ಕೆ ಕಾರಲ್ಲಿ ಕರ್ಕೊಂಡು ಬಂದಿದ್ದು! ಬಡವರನ್ನ ರಾಜ್ಯದೊಳಗೆ ಕರೆತರೋದೇ ಅಪರಾಧ ಅಂದಿದ್ದ ಆ ಕಾನೂನನ್ನ ಕೋರ್ಟ್ ಹೊಡೆದುಹಾಕಿತು.

(6/8) ಆಲ್ಬಂ
ರೆಕಾರ್ಡಿಂಗ್ ನಡೆದಿದ್ದು ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ, ವಿಕ್ಟರ್ ಕಂಪನಿಗಾಗಿ. ಒಂದು ಗಿಟಾರ್, ಒಂದು ಮೌತ್ ಆರ್ಗನ್, ಒಂದು ದನಿ, ಅಷ್ಟೇ. ಆಗಿನ ಪ್ಲೇಟಿನ ಒಂದು ಮುಖದಲ್ಲಿ ಹಿಡೀತಿದ್ದದ್ದು ಕೆಲವೇ ನಿಮಿಷ. ಅದಕ್ಕೆ ಮೂರು ಮೂರು ಪ್ಲೇಟಿನ ಎರಡು ಸೆಟ್ ಮಾಡಿದ್ರು: 12 ಮುಖ, 11 ಹಾಡು. ಸ್ಟೈನ್‌ಬೆಕ್ ಕಾದಂಬರಿ ‘ದ ಗ್ರೇಪ್ಸ್ ಆಫ್ ರಾತ್’ನ ಕಥೆ ಹೇಳೋ ‘ಟಾಮ್ ಜೋಡ್’ ಹಾಡಿಗೇ ಎರಡು ಮುಖ ಬೇಕಾಯ್ತು.
ಮನೆ ಕಳ್ಕೊಂಡಿದ್ದು, ರಸ್ತೆ ಹಿಡಿದಿದ್ದು, ಧೂಳಿನಿಂದ ಬರೋ ನ್ಯುಮೋನಿಯಾ, ತೋಟದ ಮಾಲೀಕರ ಪರ ಬಡಿಗೆ ಹಿಡಿದು ಬರೋ ಗೂಂಡಾಗಳು, ಎಲ್ಲಾ ಹಾಡಿಗೂ ಒಂದೇ ಎಳೆ. ಅದಕ್ಕೇ ಇದನ್ನ ಮೊದಮೊದಲ ಕಾನ್ಸೆಪ್ಟ್ ಆಲ್ಬಂಗಳಲ್ಲಿ ಒಂದು ಅಂತಾರೆ.
ಮಟ್ಟುಗಳಲ್ಲಿ ಹಲವು ಹಳೆಯವು. ಜನ ಮೊದಲೇ ಗುನುಗ್ತಿದ್ದ ಮಟ್ಟಿಗೆ ಹೊಸ ಮಾತು ಕೂರಿಸೋದು ಗಥ್ರಿಯ ದಾರಿ. ಮುಖ್ಯ ಏನಂದ್ರೆ, ಪೇಪರ್‌ಗಳು ‘ಅವರು’ ಅಂತ ಬರೆದಿದ್ದನ್ನ ಈ ಹಾಡುಗಳಲ್ಲಿ ಹೆಚ್ಚಿನವು ‘ನಾನು’ ಅಂತ ಹೇಳ್ತವೆ. ಕರುಣೆ ಕೇಳಲ್ಲ, ಗೊಣಗಲ್ಲ. ತಮಾಷೆ ಮಾಡ್ತಾನೇ ಲೆಕ್ಕ ಕೇಳ್ತವೆ.
ಮಾರಾಟ ಮಾತ್ರ ಅಷ್ಟಕ್ಕಷ್ಟೆ. ಹಾಡಲ್ಲಿ ಇದ್ದವರ ಹತ್ರ ಗ್ರಾಮೊಫೋನ್ ಎಲ್ಲಿತ್ತು ಹೇಳಿ?

(7/8) ಹಾಡಲ್ಲಿ ಇಲ್ಲದವರು
ಈಗ ಕಷ್ಟದ ಪ್ರಶ್ನೆ. ಅದೇ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ‘ಓಕಿ’ಗಳಿಗಿಂತ ಮುಂಚಿನಿಂದ ಬೆನ್ನು ಬಗ್ಗಿಸಿದವರು ಮೆಕ್ಸಿಕನ್ನರು, ಫಿಲಿಪಿನೋಗಳು. ಕುಸಿತದ ವರ್ಷಗಳಲ್ಲಿ ಮೆಕ್ಸಿಕನ್ ಮೂಲದ ಲಕ್ಷಾಂತರ ಜನರನ್ನ ದೇಶದಿಂದಲೇ ಸಾಗಹಾಕಿದ್ರು. ಅವರಲ್ಲಿ ಎಷ್ಟೋ ಜನ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಈ ಆಲ್ಬಂನಲ್ಲಿ ಅವರ ಕಥೆ ಇಲ್ಲ. ದಕ್ಷಿಣದ ಕಪ್ಪು ಗೇಣಿದಾರರ ಕಥೆಯೂ ಇಲ್ಲ.
ಆದ್ರೆ ಗಥ್ರಿ ಅಲ್ಲಿಗೇ ನಿಲ್ಲಲಿಲ್ಲ. 1948ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಲಾಸ್ ಗಾಟೋಸ್ ಕಣಿವೆಯಲ್ಲಿ ವಿಮಾನ ಬಿದ್ದು 32 ಜನ ಸತ್ತರು. ಅದರಲ್ಲಿ 28 ಜನ ವಾಪಸ್ ಕಳಿಸ್ತಿದ್ದ ಮೆಕ್ಸಿಕನ್ ಕೃಷಿ ಕೂಲಿಗಳು. ಹಲವು ಸುದ್ದಿಗಳಲ್ಲಿ ಅವರಿಗೆ ಹೆಸರೇ ಇರಲಿಲ್ಲ, ಬರೀ ‘ಗಡೀಪಾರಾದವರು’. ಅದು ಗಥ್ರಿಯನ್ನ ಕುಟುಕಿತು. ‘ಡಿಪೋರ್ಟೀ’ ಬರೆದ.

(8/8) ಹೆಸರು
ಆ 28 ಜನರನ್ನ ಫ್ರೆಸ್ನೋದ ಸ್ಮಶಾನದಲ್ಲಿ ಒಟ್ಟಿಗೆ ಹೂತಿದ್ರು. ಕಲ್ಲಿನ ಮೇಲೆ ಒಬ್ಬರ ಹೆಸರೂ ಇರಲಿಲ್ಲ. 2013ರಲ್ಲಿ, 65 ವರ್ಷ ಆದ್ಮೇಲೆ, ಅಲ್ಲಿ ಹೊಸ ಕಲ್ಲು ನಿಂತಿತು, 28 ಹೆಸರುಗಳ ಜೊತೆ. ಗಥ್ರಿ 1967ರಲ್ಲೇ ತೀರಿಕೊಂಡಿದ್ದ. ಅವನ ಹಾಡು ಮಾತ್ರ ಅಷ್ಟು ವರ್ಷ ಆ ಪ್ರಶ್ನೆ ಮರೆಯೋಕೆ ಬಿಡಲಿಲ್ಲ.
‘25 ಲಕ್ಷ’ ಅನ್ನೋದು ಅಂಕಿ. ಪರೀಕ್ಷೆಯಲ್ಲಿ ಬರೀರಿ, ತಪ್ಪಿಲ್ಲ. ಆದ್ರೆ ಆ ಅಂಕಿ ಒಳಗೆ ಕೂತವರು ‘ನಾನು’ ಅಂತ ಮಾತಾಡಿದ್ದನ್ನ ಕೇಳಬೇಕು ಅಂದ್ರೆ ಆಲ್ಬಂ ಹಾಕಿ. ಕೇಳ್ತಾ, ಯಾರ ದನಿ ಇದರಲ್ಲಿ ಇಲ್ಲ ಅಂತಾನೂ ಯೋಚಿಸಿ.
ಮೊದಲು ಯಾವ ಹಾಡು ಕೇಳಿದ್ರಿ? ಕಾಮೆಂಟಲ್ಲಿ ಹೇಳಿ. 👇

#ಚರಿತ್ರೆ #ದುಡಿಯುವಜನ #ವುಡಿಗಥ್ರಿ